ಟಿವಿ ಟ್ಯೂನರ್ ತಗೊಳಕ್ಕೆ ಹೋಗಿ ಬಟರ್ ಫ್ರೂಟ್ ಮರದ ಕೊಂಬೆ ಕಡಿಸಿದ ಕತೆ

ಇದನ್ನ ಬರಿಬೇಕು ಅಂದ್ಕೊಂಡು ಆರು ತಿಂಗಳಾಯ್ತು, ಕಾಫಿ ಕುಯ್ಲು, ಆಮೇಲೆ ಕಣ, ಆಮೇಲೆ ಮೆಣಸು, ಹಿಂಗೇ ಮುಂದಕ್ಕೆ ಹೋಗ್ತಾ ಇತ್ತು. ಈಗ ಎರಡು ದಿನದಿಂದ ಸ್ವಲ್ಪ ಬಿಡುವು. ಮನೇಲಿ ಟಿವಿ ಪಕ್ಕ ಒಂದು ಕಂಪ್ಯೂಟರ್ ಇಟ್ಕೊಂಡು ಅದರಲ್ಲೇ ಟಿವಿ ಚಾನೆಲ್ ನೋಡೋದು ರೆಕಾರ್ಡ್ ಮಾಡೋದು ಮಾಡ್ಬೇಕು ಅನ್ನೋರು ಯಾರಾದ್ರೂ ಇದ್ರೆ, ಅದೂ ನಮ್ಮ ಕೊಡಗಿನ ಕಡೆ ಇದ್ರೆ, ನಾನು ಕಳ್ಕೊಂಡಷ್ಟು ದುಡ್ಡು ಕಳ್ಕೊಬೇಡಿ ಅಂತ ಬರೀತಿದೀನಿ.

ನಮ್ಮನೆ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗೋ ದಾರೀಲಿ, ರೋಡಿಂದ ಒಳಗೆ ತೋಟದ ನಡುವೆ. ಮಳೆ ಹೆಂಗೆ ಅಂತ ಆ ಕಡೆಯವ್ರಿಗೆ ಹೇಳ್ಬೇಕಾಗಿಲ್ಲ. ಫೈಬರ್ ನೆಟ್ ಬಂದಿದೆ, ಬಂದಿಲ್ಲ ಅಂತಲ್ಲ, ಆದ್ರೆ ಆರಿದ್ರ ಮಳೆ ಹಿಡಿದು ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ನೆಟ್ಟೂ ಇಲ್ಲ ಕರೆಂಟೂ ಇಲ್ಲ, ಕರೆಂಟು ಮೂರು ದಿನಕ್ಕೆ ಬಂದ್ರೆ ನೆಟ್ ಬರೋದು ಆರು ದಿನಕ್ಕೆ. ಅಮ್ಮಂಗೆ ಚಂದನ ಬೇಕು. ಅದ್ರಲ್ಲೂ ‘ಥಟ್ ಅಂತ ಹೇಳಿ’ ಬೇಕೇ ಬೇಕು, ಸೋಮೇಶ್ವರ ಅವ್ರು ಪ್ರಶ್ನೆ ಕೇಳೋ ಹೊತ್ತಿಗೆ ಯಾರಾದ್ರೂ ಊಟಕ್ಕೆ ಬಡ್ಸು ಅಂದ್ರೆ ಮುಗೀತು ಕತೆ. ಹಂಗಾಗಿ ಅದನ್ನ ರೆಕಾರ್ಡ್ ಮಾಡಿಟ್ರೆ ಮನೇಲಿ ಶಾಂತಿ ಅನ್ನೋದು ನನ್ನ ಐಡಿಯಾ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ತಗೊಂಡಿದ್ದ ಹಳೇ ಆಫೀಸ್ ಡೆಸ್ಕ್‌ಟಾಪ್ ಒಂದಿತ್ತು, ತೆಳ್ಳಗಿರೋದು, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಸಿನಿಮಾ ಹಾಡು ತೋರಿಸೋ ಕೋಡಿ ಅನ್ನೋ ಸಾಫ್ಟ್‌ವೇರ್ ಹಾಕಿ ಟಿವಿಗೆ ಎಚ್‌ಡಿಎಂಐ ಕೊಟ್ಟೆ. ಫೋಟೋ, ಹಾಡು, ಮಕ್ಕಳ ಸಿನಿಮಾ ಎಲ್ಲ ಚೆನ್ನಾಗಿ ಬಂತು. ಉಳಿದಿದ್ದು ಒಂದು ಟ್ಯೂನರ್, ಅಂದ್ರೆ ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡೋ ಮಿಷನ್ನು, ಅಷ್ಟೇ ಅಂದ್ಕೊಂಡೆ.

ಅಲ್ಲಿಂದ ಶುರುವಾಯ್ತು ನೋಡಿ.

ಮೊದಲು ಮಾಡಿದ ತಪ್ಪು ಅಂದ್ರೆ ಇಂಟರ್ನೆಟ್ಟಲ್ಲಿ ‘ಬೆಸ್ಟ್ ಟಿವಿ ಟ್ಯೂನರ್’ ಅಂತ ಹುಡುಕಿದ್ದು. ಅಲ್ಲಿ ಬರೆದಿರೋರೆಲ್ಲ ಅಮೆರಿಕಾದವ್ರು, ಇಲ್ಲ ಯುರೋಪಿನವ್ರು. ಅವ್ರ ಊರಲ್ಲಿ ಟವರಿಂದ ಬರೋ ಡಿಜಿಟಲ್ ಟಿವಿ ಸಿಗತ್ತೆ, ಅಮೆರಿಕಾದಲ್ಲಿ ಅದಕ್ಕೆ ಎಟಿಎಸ್‌ಸಿ ಅಂತಾರೆ, ಯುರೋಪಲ್ಲಿ ಡಿವಿಬಿ-ಟಿ ಅಂತಾರೆ, ಮಾಳಿಗೆ ಮೇಲೆ ಆಂಟೆನಾ ಇಟ್ರೆ ನಲ್ವತ್ತು ಚಾನೆಲ್ ಫ್ರೀ. ಅವ್ರು ಹೊಗಳಿದ ಟ್ಯೂನರ್ ನಮ್ಮೂರಲ್ಲಿ ಇಟ್ರೆ ಏನೂ ಬರಲ್ಲ. ನಮ್ಮಲ್ಲಿ ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ 2022ರ ಮಾರ್ಚ್ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ನಿಲ್ಲಿಸಿದ್ರು, ಗಡಿ ಕಡೆಯ ಕೆಲವು ಬಿಟ್ಟು. ಡಿಜಿಟಲ್ ಟವರ್ ಟಿವಿ ಅಂತ 2016ರಲ್ಲಿ 16 ಊರಲ್ಲಿ ಶುರು ಮಾಡಿದ್ರು, ಬೆಂಗಳೂರು ಅದರಲ್ಲಿ ಒಂದು, ಕೊಡಗು ಆ ಲಿಸ್ಟಲ್ಲಿ ಇಲ್ಲ. ಚಿಕ್ಕವರಿದ್ದಾಗ ಬಿದಿರು ಗಳಕ್ಕೆ ಆಂಟೆನಾ ಕಟ್ಟಿ ತಿರುಗಿಸ್ತಾ ಇದ್ವಲ್ಲ, ಆ ಕಾಲ ಹೋಯ್ತು.

ಇದೆಲ್ಲ ಗೊತ್ತಾಗಿದ್ದು ಆಮೇಲೆ. ಅದಕ್ಕಿಂತ ಮುಂಚೆ ನಾನು ಆನ್‌ಲೈನಲ್ಲಿ ಒಂದು ಯುಎಸ್‌ಬಿ ಕಡ್ಡಿ ತರಿಸಿದ್ದೆ. ಪೆನ್‌ಡ್ರೈವ್ ಸೈಜು, ಜೊತೆಗೆ ಬೆರಳುದ್ದದ ಒಂದು ಆಂಟೆನಾ, ತಳದಲ್ಲಿ ಮ್ಯಾಗ್ನೆಟ್. ಡಬ್ಬದ ಮೇಲೆ ಡಿಜಿಟಲ್ ಟಿವಿ, ಎಚ್‌ಡಿ, ರೆಕಾರ್ಡಿಂಗ್, ಎಲ್ಲಾ ಬರೆದಿತ್ತು. ಶೀಟಿನ ಮೇಲೆ ಅಂಟಿಸಿ ಸ್ಕ್ಯಾನ್ ಕೊಟ್ಟೆ, ಸೊನ್ನೆ. ಮನೆ ಹಿಂದಿನ ಗುಡ್ಡಕ್ಕೆ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಿ ಸ್ಕ್ಯಾನ್ ಕೊಟ್ಟೆ, ಅಲ್ಲೂ ಸೊನ್ನೆ, ಜೊತೆಗೆ ಎರಡು ಜಿಗಣೆ. ತಮಾಷೆ ಏನಂದ್ರೆ ಆ ಕಡ್ಡೀನ ಬೆಂಗಳೂರಿಗೆ ತಗೊಂಡೋಗಿದ್ರೂ ಉಪಯೋಗ ಇರ್ಲಿಲ್ಲ, ಯಾಕಂದ್ರೆ ಅಲ್ಲಿ ಶುರು ಮಾಡಿದ್ದು ಡಿವಿಬಿ-ಟಿ2, ಈ ಕಡ್ಡಿಗೆ ಬರೋದು ಬರೀ ಹಳೇ ಡಿವಿಬಿ-ಟಿ. ಆ ‘2’ ಒಂದು ಇಲ್ದೆ ಇದ್ರೆ ಏನೂ ಇಲ್ಲ. ಮಾರಿದವ್ರಿಗೆ ವಾಪಸ್ ತಗೊಳ್ರಪ್ಪ ಅಂದ್ರೆ ‘ಪ್ರಾಡಕ್ಟ್ ವರ್ಕಿಂಗ್ ಇದೆ ಸರ್, ನಿಮ್ಮ ಏರಿಯಾದಲ್ಲಿ ಸಿಗ್ನಲ್ ಇಲ್ಲ’ ಅಂದ್ರು. ಹೇಳಿದ್ದು ಸುಳ್ಳೂ ಅಲ್ಲ.

ಆ ಕಡ್ಡಿ ಕತೆ ಅಲ್ಲಿಗೇ ಮುಗೀಲಿಲ್ಲ ಆದ್ರೆ. ಅದರೊಳಗೆ ಇದ್ದಿದ್ದು ಆರ್‌ಟಿಎಲ್2832ಯು ಅನ್ನೋ ಚಿಪ್. 2012ರ ಸುಮಾರಿಗೆ ಕೆಲವು ಹುಡುಗರು ಕಂಡುಹಿಡಿದಿದ್ರು, ಈ ಚಿಪ್ಪನ್ನ ಟಿವಿ ಬಿಟ್ಟು ರೇಡಿಯೋ ತರ ಬಳಸಬಹುದು, ಹಸಿ ಸಿಗ್ನಲ್ಲನ್ನ ಹಂಗೇ ಕಂಪ್ಯೂಟರಿಗೆ ಕೊಡತ್ತೆ ಅಂತ. ಈಗ ಅದು ನಮ್ಮನೇಲಿ ಆಕಾಶವಾಣಿ ಮಡಿಕೇರಿ ಹಿಡಿಯೋ ಮಿಷನ್ನು, 103.1. ಅಪ್ಪಂಗೆ ಟ್ರಾನ್ಸಿಸ್ಟರ್ ಇದೆ, ಆದ್ರೂ ಬೆಳಿಗ್ಗೆ ಟಿವಿ ಸ್ಪೀಕರಲ್ಲಿ ಜೋರಾಗಿ ಕೇಳೋದು ಖುಷಿ ಅವ್ರಿಗೆ, ನಮ್ಮ ಕಡೆಯ ಭಾಷೆಗಳಾದ ಕೊಡವ ತಕ್ಕಲ್ಲಿ, ಅರೆಭಾಷೇಲಿ ಕಾರ್ಯಕ್ರಮ ಬಂದಾಗ ಅರ್ಥ ಆದಷ್ಟು ಆಗ್ಲಿ ಅಂತ ಕೇಳ್ತಾ ಕೂತಿರ್ತಾರೆ. ಹಂಗಾಗಿ ದುಡ್ಡು ಪೂರ್ತಿ ಹಾಳಾಗ್ಲಿಲ್ಲ ಅಂತ ನಾನೇ ನನಗೆ ಸಮಾಧಾನ ಹೇಳ್ಕೊಂಡಿದೀನಿ.

ಆಮೇಲೆ ಕುಶಾಲನಗರದಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಟಿವಿ ಟ್ಯೂನರ್ ಇದ್ಯಾ ಅಂದೆ. ಅವ್ರು ಒಳಗೆ ಹೋಗಿ ಐದು ನಿಮಿಷ ತಡಕಾಡಿ ಧೂಳು ಹೊಡೆದ ಒಂದು ಡಬ್ಬ ತಂದು ಊದಿ ಮುಂದಿಟ್ರು. ಹಳೇ ಕಾಲದಲ್ಲಿ ಮಾನಿಟರ್‌ನ ಟಿವಿ ಮಾಡ್ಕೊಳಕ್ಕೆ ಹಾಕ್ತಿದ್ವಲ್ಲ, ವಿಜಿಎ ಪಿನ್ನಿಂದು, ರಿಮೋಟ್ ಜೊತೆ, ಅದು. ಅದು ಕಂಪ್ಯೂಟರಿಗೆ ಏನೂ ಕೊಡಲ್ಲ, ನೇರ ಮಾನಿಟರಿಗೆ ಕೊಡತ್ತೆ, ರೆಕಾರ್ಡಿಂಗ್ ಅನ್ನೋ ಮಾತೇ ಇಲ್ಲ, ಅದೂ ಅನಲಾಗ್. ಸೆಕೆಂಡ್ ಹ್ಯಾಂಡಲ್ಲಿ ‘ಟಿವಿ ಟ್ಯೂನರ್ ಕಾರ್ಡ್’ ಅಂತ ಸಿಗೋದ್ರಲ್ಲೂ ಬಹಳಷ್ಟು ಹಿಂಗೇ ಅನಲಾಗ್ ಕಾರ್ಡ್‌ಗಳು, ಮೇಲಿಂದ ಹಳೇ ಪಿಸಿಐ ಸ್ಲಾಟಿಂದು, ಈಗಿನ ಬೋರ್ಡಲ್ಲಿ ಆ ಸ್ಲಾಟೇ ಇರಲ್ಲ. ಅಗ್ಗ ಅಂತ ತಗೊಬೇಡಿ.

ಹಂಗಾದ್ರೆ ನಮ್ಮನೆಗೆ ಯಾವ ಸಿಗ್ನಲ್ ಬರತ್ತೆ ಅಂತ ಯೋಚನೆ ಮಾಡ್ದೆ. ಇದನ್ನ ಮೊದಲೇ ಮಾಡ್ಬೇಕಿತ್ತು, ಟ್ಯೂನರ್ ಯಾವ ಕಂಪನಿ ಅನ್ನೋದು ಆಮೇಲಿನ ಮಾತು. ಟವರ್ ಇಲ್ಲ, ಹೋಯ್ತು. ಕೇಬಲ್ ಟಿವಿ ಸೋಮವಾರಪೇಟೆ ಪಟ್ಟಣದಲ್ಲಿದೆ, ನಮ್ಮ ತೋಟಕ್ಕೆ ಬರಲ್ಲ, ಬಂದ್ರೂ ಡಿಜಿಟಲ್ ಆದ್ಮೇಲೆ ಎಲ್ಲ ಲಾಕ್ ಹಾಕಿರೋ ಸಿಗ್ನಲ್ಲು, ಅವ್ರ ಸೆಟ್ ಟಾಪ್ ಬಾಕ್ಸಿಲ್ದೆ ತೆರೆಯಲ್ಲ. ದುಡ್ಡು ಕಟ್ಟೋ ಡಿಟಿಎಚ್ ಕೂಡಾ ಹಂಗೇ. ಟ್ಯೂನರ್ ಕಾರ್ಡಿಗೆ ಆ ಸಿಗ್ನಲ್ ಸಿಗತ್ತೆ, ಚಾನೆಲ್ ಹೆಸರೂ ಕಾಣತ್ತೆ, ಪಿಕ್ಚರ್ ಮಾತ್ರ ಕಪ್ಪು. ಯುರೋಪಲ್ಲಿ ಅದಕ್ಕೊಂದು ಮಾಡ್ಯೂಲ್ ಸಿಗತ್ತಂತೆ, ಸ್ಮಾರ್ಟ್ ಕಾರ್ಡನ್ನ ಅದರೊಳಗೆ ಹಾಕಿ ಟ್ಯೂನರ್‌ಗೆ ಸಿಗಿಸೋದು, ನಾನು ಕೇಳಿದ ಅಂಗಡಿಯವ್ರಲ್ಲಿ ಒಬ್ರೂ ಅಂಥದ್ದನ್ನ ಕಣ್ಣಲ್ಲಿ ನೋಡಿರ್ಲಿಲ್ಲ. ಉಳಿಯೋದು ಒಂದೇ, ಡಿಡಿ ಫ್ರೀ ಡಿಶ್. 2004ರ ಡಿಸೆಂಬರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು, ಈಗ ಜಿಸ್ಯಾಟ್-15 ಸ್ಯಾಟಲೈಟಿಂದ ಬರ್ತಿದೆ, 93.5 ಡಿಗ್ರಿ ಪೂರ್ವದಲ್ಲಿ ಕೂತಿದೆ ಅದು. ಚಂದನ ಅದರಲ್ಲಿದೆ, ತಿಂಗಳಿಗೆ ಒಂದು ರೂಪಾಯಿ ಕೊಡ್ಬೇಕಾಗಿಲ್ಲ. ಅಂದ್ರೆ ನನಗೆ ಬೇಕಾಗಿದ್ದು ಸ್ಯಾಟಲೈಟ್ ಟ್ಯೂನರ್, ಡಿವಿಬಿ-ಎಸ್2 ಅಂತ ಬರೆದಿರೋದು.

ಇಲ್ಲೂ ‘2’ ಇರೋದೇ ತಗೊಳ್ಳಿ. ಎಸ್2 ಕಾರ್ಡು ಹಳೇ ಎಸ್ ಸಿಗ್ನಲ್ಲನ್ನೂ ಹಿಡಿಯತ್ತೆ, ಹಳೇ ಕಾರ್ಡು ಎಸ್2 ಹಿಡಿಯಲ್ಲ. ಇನ್ನೊಂದು ಗೊಂದಲ ಎಂಪೆಗ್-2, ಎಂಪೆಗ್-4, ಅಂದ್ರೆ ಪಿಕ್ಚರನ್ನ ಒತ್ತಿ ಚಿಕ್ಕದು ಮಾಡಿ ಕಳಿಸೋ ಎರಡು ವಿಧಾನ. ಡಿಶ್ ಅಂಗಡೀಲಿ ಬಾಕ್ಸ್ ತಗೊಳಕ್ಕೆ ಹೋದ್ರೆ ಎಂಪೆಗ್-4 ಬಾಕ್ಸೇ ತಗೊಳ್ಳಿ, ಅದರಲ್ಲಿ ಜಾಸ್ತಿ ಚಾನೆಲ್ ಬರತ್ತೆ ಅಂತಾರೆ, ಸೆಟ್ ಟಾಪ್ ಬಾಕ್ಸಿನ ವಿಷಯದಲ್ಲಿ ಅದು ಸರಿ. ಕಂಪ್ಯೂಟರ್ ಟ್ಯೂನರಿಗೆ ಆ ಪ್ರಶ್ನೆಯೇ ಇಲ್ಲ. ಟ್ಯೂನರ್ ಕೆಲಸ ಆಕಾಶದಿಂದ ಬಂದಿದ್ದನ್ನ ಹಂಗೇ ಹಿಡಿದು ಒಳಗೆ ಕೊಡೋದಷ್ಟೇ, ಬಿಡಿಸಿ ಪಿಕ್ಚರ್ ಮಾಡೋದು ಕಂಪ್ಯೂಟರ್. ಹತ್ತು ವರ್ಷದ ಹಳೇ ಕಂಪ್ಯೂಟರಿಗೂ ಎಸ್‌ಡಿ, ಅಂದ್ರೆ ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್ ಬಿಡಿಸೋದು ನೀರು ಕುಡಿದಷ್ಟು ಸುಲಭ.

ಆಮೇಲೆ ಎಷ್ಟು ಟ್ಯೂನರ್ ಇರೋದು ಬೇಕು ಅಂತ. ಎರಡು ಟ್ಯೂನರ್, ನಾಲ್ಕು ಟ್ಯೂನರ್ ಇರೋ ಕಾರ್ಡ್‌ಗಳಿವೆ, ಒಂದು ನೋಡ್ತಾ ಇನ್ನೊಂದು ರೆಕಾರ್ಡ್ ಮಾಡ್ಬೇಕಂದ್ರೆ ಎರಡು ಬೇಕು ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಸ್ಯಾಟಲೈಟಲ್ಲಿ ಒಂದೊಂದು ಚಾನೆಲ್ಲು ಬೇರೆ ಬೇರೆ ಫ್ರೀಕ್ವೆನ್ಸಿ ಅಲ್ಲ, ಒಂದು ಟ್ರಾನ್ಸ್‌ಪಾಂಡರ್ ಮೇಲೆ ಹತ್ತು ಹದಿನೈದು ಚಾನೆಲ್ ಒಟ್ಟಿಗೆ ಬಸ್ಸಲ್ಲಿ ಕೂತಂಗೆ ಕೂತು ಬರತ್ವೆ. ಟ್ಯೂನರ್ ಹಿಡಿಯೋದು ಇಡೀ ಬಸ್ಸನ್ನ. ಹಂಗಾಗಿ ಒಂದೇ ಟ್ಯೂನರಲ್ಲಿ ಒಂದೇ ಬಸ್ಸಲ್ಲಿರೋ ಮೂರು ಚಾನೆಲ್ ಬೇಕಾದ್ರೂ ಒಟ್ಟಿಗೆ ರೆಕಾರ್ಡ್ ಮಾಡಬಹುದು, ಇನ್ನೊಂದು ಬಸ್ಸಲ್ಲಿರೋದು ಬೇಕಂದಾಗ ಮಾತ್ರ ಎರಡನೇ ಟ್ಯೂನರ್ ಬೇಕು. ಸೆಟ್ ಟಾಪ್ ಬಾಕ್ಸ್ ಇದನ್ನ ನಿಮಗೆ ಹೇಳಲ್ಲ, ಕಂಪ್ಯೂಟರ್ ಸಾಫ್ಟ್‌ವೇರ್ ಇದನ್ನ ಸುಮ್ನೆ ಮಾಡತ್ತೆ. ನಮ್ಮನೇಲಿ ಒಂದರಲ್ಲೇ ಸಾಕಾಗಿದೆ. ಅಪ್ಪ ನ್ಯೂಸ್, ಅಮ್ಮ ಚಂದನ, ಅಪರೂಪಕ್ಕೆ ಜಗಳ.

ಕಾರ್ಡಾ ಯುಎಸ್‌ಬಿ ಡಬ್ಬಾನಾ ಅನ್ನೋದ್ರಲ್ಲಿ ನಾನು ಜಾಸ್ತಿ ದಿನ ತಲೆ ಕೆಡಿಸ್ಕೊಂಡೆ. ಒಳಗೆ ಹಾಕೋ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ನೀಟು, ವೈರ್ ಕಾಣಲ್ಲ, ಟಿಬಿಎಸ್ ಅನ್ನೋ ಕಂಪನಿಯವ್ರದ್ದು ಎರಡು ಟ್ಯೂನರಿಂದು ಸಿಗತ್ತೆ. ಆದ್ರೆ ನನ್ನಂಗೆ ತೆಳ್ಳಗಿನ ಡೆಸ್ಕ್‌ಟಾಪ್ ಇದ್ರೆ ಅರ್ಧ ಎತ್ತರದ ಪಟ್ಟಿ ಜೊತೆಗೆ ಬರತ್ತಾ ನೋಡ್ಕೊಬೇಕು, ಇಲ್ಲಾಂದ್ರೆ ಕವರ್ ಮುಚ್ಚಲ್ಲ. ನನ್ನ ತೀರ್ಮಾನ ಆಗಿದ್ದು ಇದ್ಯಾವುದ್ರಿಂದಲೂ ಅಲ್ಲ, ಸಿಡಿಲಿಂದ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಹೆಂಗಿರತ್ತೆ ಅಂದ್ರೆ ಒಂದು ವರ್ಷ ಮೋಡೆಮ್ಮು, ಇನ್ನೊಂದು ವರ್ಷ ಫ್ರಿಜ್ಜು, ಹಿಂಗೆ ಪಾಳಿ ಪ್ರಕಾರ ಹೋಗತ್ತೆ. ಮಾಡಿನ ಮೇಲೆ ನಿಂತಿರೋ ಕಬ್ಬಿಣದ ಡಿಶ್ಶಿಂದ ಒಂದು ತಾಮ್ರದ ವೈರ್ ನೇರ ಮದರ್‌ಬೋರ್ಡಿಗೆ ತಂದು ಸಿಗಿಸೋದು ನನಗೆ ಧೈರ್ಯ ಆಗ್ಲಿಲ್ಲ. ಯುಎಸ್‌ಬಿ ಡಬ್ಬ ಆದ್ರೆ ಸುಟ್ರೆ ಮೊದಲು ಮಧ್ಯದಲ್ಲಿರೋ ಅದೇ ಹೋಗ್ಲಿ ಅನ್ನೋ ಆಸೆ, ಮೋಡ ಕಟ್ತು ಅಂದ್ರೆ ಎರಡೂ ಕಡೆ ವೈರ್ ಕಿತ್ತು ಬಿಸಾಕಬಹುದು.

ಯುಎಸ್‌ಬಿದು ಅಂದ್ರೆ ಯುಎಸ್‌ಬಿ ಪವರಲ್ಲೇ ನಡೆಯತ್ತೆ ಅಂದ್ಕೊಬೇಡಿ. ಡಿಶ್ ತುದೀಲಿ ಸಿಗ್ನಲ್ ಹಿಡಿಯೋ ತಲೆ ಇರತ್ತಲ್ಲ, ಎಲ್‌ಎನ್‌ಬಿ, ಅದಕ್ಕೆ ಕರೆಂಟ್ ಕೊಡೋದು ಇದೇ ಟ್ಯೂನರ್ರು, 13 ವೋಲ್ಟ್ ಕೊಟ್ರೆ ಉದ್ದಕ್ಕೆ (ವರ್ಟಿಕಲ್) ಬರೋ ಸಿಗ್ನಲ್ ಹಿಡಿಯತ್ತೆ, 18 ವೋಲ್ಟ್ ಕೊಟ್ರೆ ಅಡ್ಡಕ್ಕೆ (ಹಾರಿಜಾಂಟಲ್) ಬರೋದನ್ನ. ಯುಎಸ್‌ಬಿಯ 5 ವೋಲ್ಟಿಂದ ಅದು ಆಗೋ ಮಾತಲ್ಲ, ಹಂಗಾಗಿ ಇಂಥ ಡಬ್ಬಗಳಲ್ಲಿ ಬಹಳಷ್ಟಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರತ್ತೆ. ಮೊದಲು ಇದೊಂದು ತಲೆನೋವು ಅನ್ನಿಸ್ತು, ಆಮೇಲೆ ನೋಡಿದ್ರೆ ಅನುಕೂಲ ಆಯ್ತು, ವೈಫೈ ರೌಟರಿಗೆ ಇಡ್ತೀವಲ್ಲ ಚಿಕ್ಕ 12 ವೋಲ್ಟ್ ಯುಪಿಎಸ್ಸು, ಅದಕ್ಕೇ ಸಿಗಿಸಿದೀನಿ, ಕರೆಂಟ್ ಹೋದಾಗ ಇನ್ವರ್ಟರ್‌ಗೆ ಬದಲಾಗೋ ಆ ಕ್ಷಣದಲ್ಲಿ ಟ್ಯೂನರ್ ಆಫ್ ಆಗಿ ರೆಕಾರ್ಡಿಂಗ್ ಕಟ್ ಆಗಲ್ಲ.

ಡ್ರೈವರ್ ವಿಷಯ ಲಿನಕ್ಸಿನವ್ರಿಗೆ ಮಾತ್ರ. ಕೆಲವು ಟ್ಯೂನರಿಗೆ ಡ್ರೈವರ್, ಅಂದ್ರೆ ಅದನ್ನ ನಡೆಸೋ ಪ್ರೋಗ್ರಾಮ್, ಕರ್ನಲ್ ಅನ್ನೋ ಲಿನಕ್ಸಿನ ತಿರುಳಿನ ಒಳಗೇ ಇರತ್ತೆ, ಕೆಲವಕ್ಕೆ ಕಂಪನಿಯವ್ರು ಕೊಟ್ಟಿದ್ದನ್ನ ನಾವೇ ಕಂಪೈಲ್ ಮಾಡ್ಬೇಕು, ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಮತ್ತೆ ಮಾಡ್ಬೇಕು. ಟಿಬಿಎಸ್‌ನ ಬಹಳಷ್ಟು ಕಾರ್ಡು ಈ ಎರಡನೇ ಗುಂಪಿಂದು. ಕಾರ್ಡು ಒಳ್ಳೇದೇ, ಆದ್ರೆ ಅಮ್ಮನ ಪ್ರೋಗ್ರಾಮ್ ಇರೋ ದಿನ ಅಪ್‌ಡೇಟ್ ಆಗಿ ಟ್ಯೂನರ್ ಕಾಣೆಯಾದ್ರೆ ನಾನು ಮನೆ ಬಿಟ್ಟು ಹೋಗ್ಬೇಕಾಗತ್ತೆ. ನಾನು ಕೊನೆಗೆ ತಗೊಂಡಿದ್ದು ಡಿವಿಬಿಸ್ಕೈ ಎಸ್960, ಬೆಂಗಳೂರಿನ ಹಳೇ ಆಫೀಸಿನ ಗೆಳೆಯ ಬಳಸಿ ಬಿಟ್ಟಿದ್ದು, ಸೆಕೆಂಡ್ ಹ್ಯಾಂಡು. ಡ್ರೈವರ್ ಕರ್ನಲ್ಲಲ್ಲೇ ಇದೆ. ಸಿಗಿಸಿದ ಕೂಡ್ಲೇ ಗುರುತು ಹಿಡೀತು, ಆದ್ರೆ ಸ್ಕ್ಯಾನ್ ಮಾಡಕ್ಕೆ ಹೋದ್ರೆ ಸುಮ್ನೆ ಕೂತ್ಕೊತು, ಒಂದು ಸಂಜೆ ಪೂರ್ತಿ ಡಿಶ್ಶನ್ನ ಬೈದೆ. ಕೊನೆಗೆ ಲಾಗ್ ನೋಡಿದ್ರೆ ಎಂ88ಡಿಎಸ್3103 ಅನ್ನೋ ಹೆಸರಿನ ಫರ್ಮ್‌ವೇರ್ ಫೈಲ್, ಅಂದ್ರೆ ಟ್ಯೂನರಿನ ಚಿಪ್ಪಿಗೆ ತುಂಬೋ ಪ್ರೋಗ್ರಾಮ್, ಸಿಗ್ತಿಲ್ಲ ಅಂತ ಬರೆದಿತ್ತು. ಆ ಫೈಲ್ ತಂದು ಫರ್ಮ್‌ವೇರ್ ಫೋಲ್ಡರಿಗೆ ಹಾಕಿ ಕಿತ್ತು ಮತ್ತೆ ಸಿಗಿಸಿದೆ, ಮುಗೀತು. ವಿಂಡೋಸಲ್ಲಿ ಮಾಡೋರಿಗೆ ಒಂದೇ ಮಾತು, ವಿಂಡೋಸ್ ಜೊತೆಗಿದ್ದ ಹಳೇ ಟಿವಿ ಸಾಫ್ಟ್‌ವೇರ್ ಮೀಡಿಯಾ ಸೆಂಟರ್ ವಿಂಡೋಸ್ 10ರಿಂದ ಇಲ್ಲ, ನೆಕ್ಸ್ಟ್‌ಪಿವಿಆರ್ ತರದ್ದು ಏನಾದ್ರೂ ಹಾಕ್ಕೊಬೇಕು.

ಈಗ ಬಟರ್ ಫ್ರೂಟ್ ಮರ.

ಡಿಶ್ ಫಿಟ್ ಮಾಡಕ್ಕೆ ಪೇಟೆಯಿಂದ ಜನ ಕರೆಸೋದ್ಯಾಕೆ, ನಾವೇ ಮಾಡೋಣ ಅಂತ ಅಪ್ಪ ನಾನು ಇಬ್ರೇ ಅಕ್ಟೋಬರಲ್ಲಿ ಮಾಡಿನ ಮೇಲೆ ಹತ್ತಿದ್ವಿ. ಹಳೇ ಪೈಪ್ ಇತ್ತು, 90 ಸೆಂ.ಮೀ. ಡಿಶ್ ತಂದಿದ್ದೆ. ಸ್ಯಾಟಲೈಟ್ ಇರೋ ದಿಕ್ಕು ನಮ್ಮ ಕಡೆಯಿಂದ ಆಗ್ನೇಯ, ದಿಕ್ಸೂಚೀಲಿ ಸುಮಾರು 124 ಡಿಗ್ರಿ. ಡಿಶ್ ಆ ಕಡೆ ತಿರುಗಿಸಿದ್ರೆ ಸರಿಯಾಗಿ ಎದುರಿಗೆ ಬಟರ್ ಫ್ರೂಟ್ ಮರದ ಒಂದು ದೊಡ್ಡ ಕೊಂಬೆ. ಡಿಶ್ ಮುಖ ಎಲ್ಲಿಗೆ ನೋಡ್ತಿದೆ ಅಂತ ಕಣ್ಣಳತೇಲಿ ನೋಡಿದ್ರೆ ಅದೇ ಕೊಂಬೆಗೆ. ಅಪ್ಪ ‘ಅದು ವರ್ಷಾ ವರ್ಷ ಎರಡು ಮೂಟೆ ಕೊಡೋ ಕೊಂಬೆ ಕಣೋ’ ಅಂದ್ರು. ನಾನು ‘ಚಂದನ ಬೇಕಾ ಬಟರ್ ಫ್ರೂಟ್ ಬೇಕಾ’ ಅಂದೆ. ಅಮ್ಮ ಅಂಗಳದಿಂದ ‘ಚಂದನ’ ಅಂದ್ರು. ನೆರಳು ಮರ ಕಪಾತು ಮಾಡಕ್ಕೆ ಬಂದಿದ್ದ ಅಣ್ಣನ್ನ ಕರೆಸಿ ಕೊಂಬೆ ಇಳಿಸಿದ್ವಿ. ಇಳಿಸಿದ್ಮೇಲೂ ಸಿಗ್ನಲ್ ಅಷ್ಟೇ, ಅಂದ್ರೆ ಇಲ್ಲ.

ಆ ರಾತ್ರಿ ಕೂತು ಓದಿದ್ಮೇಲೆ ಗೊತ್ತಾಗಿದ್ದು. ಈ ಡಿಟಿಎಚ್ ಡಿಶ್‌ಗಳೆಲ್ಲ ಆಫ್‌ಸೆಟ್ ಡಿಶ್ಶು, ಮುಖ ನೋಡೋ ದಿಕ್ಕಿಗೂ ಅದು ಸಿಗ್ನಲ್ ಹಿಡಿಯೋ ದಿಕ್ಕಿಗೂ 25 ಡಿಗ್ರಿ ಆಸುಪಾಸು ವ್ಯತ್ಯಾಸ ಇರತ್ತೆ. ನಮ್ಮೂರಿಂದ ಆ ಸ್ಯಾಟಲೈಟ್ ಇರೋ ಎತ್ತರ ಸುಮಾರು 65 ಡಿಗ್ರಿ, ಅಂದ್ರೆ ಹೆಚ್ಚುಕಮ್ಮಿ ನೆತ್ತಿ ಕಡೆಗೇ. ಡಿಶ್ ಮುಖ ಮಾತ್ರ 40 ಡಿಗ್ರಿಗೆ ನೋಡ್ತಿರೋ ಹಂಗೆ ಕಾಣತ್ತೆ. ಸಿಗ್ನಲ್ಲು ಆ ಕೊಂಬೆಯ ಎಷ್ಟೋ ಮೇಲಿಂದ ಬರ್ತಿತ್ತು, ಕೊಂಬೆ ಪಾಡಿಗೆ ಕೊಂಬೆ ಇರಬಹುದಿತ್ತು. ಮರ ಅಡ್ಡ ಬರತ್ತಾ ಅಂತ ನೋಡೋರು ಡಿಶ್ ಪಕ್ಕ ನಿಂತು ಫೋನಲ್ಲಿರೋ ಕೋನ ಅಳೆಯೋ ಆಪ್ ಹಿಡಿದು 65 ಡಿಗ್ರಿ ಮೇಲಕ್ಕೆ ನೋಡಿ, ಅಲ್ಲಿ ಸಿಲ್ವರ್ ಮರದ ತುದಿ ಇದ್ರೆ ಮಾತ್ರ ಯೋಚನೆ ಮಾಡಿ. ಈ ವಿಷಯ ಅಪ್ಪಂಗೆ ಇನ್ನೂ ಹೇಳಿಲ್ಲ, ಅವ್ರು ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ.

ಸಿಗ್ನಲ್ ಯಾಕೆ ಬರ್ಲಿಲ್ಲ ಅಂದ್ರೆ ಅದು ಇನ್ನೊಂದು ಕತೆ. ಪೀಂ ಪೀಂ ಅನ್ನೋ ಚಿಕ್ಕ ಸ್ಯಾಟಲೈಟ್ ಫೈಂಡರ್ ತಂದಿದ್ದೆ. ಮಾರನೇ ದಿನ ಮುಖ ಮೇಲಕ್ಕೆತ್ತಿ ನಿಧಾನ ತಿರುಗಿಸಿದ್ರೆ ಒಂದು ಕಡೆ ಜೋರಾಗಿ ಕೂಗ್ತು, ಮುಳ್ಳು ಪೂರ್ತಿ ಬಲಕ್ಕೆ. ನಟ್ ಬಿಗಿ ಮಾಡಿ ಇಳಿದು ಬಂದು ಸ್ಕ್ಯಾನ್ ಕೊಟ್ರೆ ಏನೂ ಇಲ್ಲ. ಮತ್ತೆ ಹತ್ತು, ಮತ್ತೆ ಇಳಿ. ನಾಲ್ಕನೇ ಸಲಕ್ಕೆ ಹೊಳೀತು, 93.5ರ ಪಕ್ಕದಲ್ಲೇ 95 ಡಿಗ್ರೀಲಿ ಇನ್ನೊಂದು ಸ್ಯಾಟಲೈಟ್ ಇದೆ, ದುಡ್ಡು ಕಟ್ಟೋ ಡಿಟಿಎಚ್ ಒಂದು ಅಲ್ಲಿಂದ ಬರೋದು. ಫೈಂಡರಿಗೆ ಇದು ಫ್ರೀ ಡಿಶ್ಶಾ ಅದಾ ಅಂತ ಗೊತ್ತಾಗಲ್ಲ, ಯಾವ ಸಿಗ್ನಲ್ ಸಿಕ್ಕಿದ್ರೂ ಕೂಗತ್ತೆ. ಹಂಗಾಗಿ ಫೈಂಡರ್ ನಂಬ್ಕೊಬೇಡಿ, ಲ್ಯಾಪ್‌ಟಾಪ್ ಮೇಲಕ್ಕೆ ತಗೊಂಡು ಹೋಗಿ ಟ್ಯೂನರ್ ಅಲ್ಲೇ ಸಿಗಿಸಿ ಲಾಕ್ ಆಗತ್ತಾ ನೋಡಿ. ನಾನು ಹಂಗೇ ಮಾಡ್ದೆ, ಡಿಶ್ ಹಿಂದೆ ನಿಂತು ಅದು ನೋಡೋ ಕಡೆಗೇ ನೋಡಿದ್ರೆ ಬಲಕ್ಕೆ, ಅಂದ್ರೆ ದಕ್ಷಿಣದ ಕಡೆ, ಎರಡು ಬೆರಳಷ್ಟು, ಮೇಲಕ್ಕೆ ಒಂದು ಕೂದಲು. ಸಿಗ್ನಲ್ ಸ್ಟ್ರೆಂತ್ ಹಂಗೇ ಇತ್ತು, ಕ್ವಾಲಿಟಿ ಅನ್ನೋ ಎರಡನೇ ಗೆರೆ ಸೊನ್ನೆಯಿಂದ ಒಂದೇ ಸಲ ಎಗರ್ತು. ನೋಡಬೇಕಾಗಿದ್ದು ಆ ಎರಡನೇ ಗೆರೆ. ಸ್ಟ್ರೆಂತ್ ಅನ್ನೋದು ಬರೀ ಸದ್ದು.

90 ಸೆಂ.ಮೀ. ಯಾಕೆ, ಎಲ್ರೂ 60ರದ್ದೇ ಹಾಕ್ತಾರಲ್ಲ ಅಂತ ಕೇಳಬಹುದು. ಈ ಡಿಶ್ ಸಿಗ್ನಲ್ ಬರೋ ಕೆಯು ಬ್ಯಾಂಡು 11 ಗಿಗಾಹರ್ಟ್ಸ್ ಆಸುಪಾಸು, ಜೋರು ಮಳೆ ಹನಿ ಆ ಸಿಗ್ನಲ್ಲನ್ನ ಕುಡಿದುಬಿಡತ್ತೆ. 60ರ ಬದಲು 90 ಹಾಕಿದ್ರೆ ಅಗಲ ಒಂದೂವರೆ ಪಟ್ಟು, ಆದ್ರೆ ಹಿಡಿಯೋ ಜಾಗ ಎರಡೂಕಾಲು ಪಟ್ಟು, ಸುಮಾರು ಮೂರೂವರೆ ಡೆಸಿಬಲ್ ಜಾಸ್ತಿ. ಮೈಸೂರಲ್ಲಿ ಇದರ ಅಗತ್ಯ ಇಲ್ಲ. ಶಾಂತಳ್ಳೀಲಿ ಪುಷ್ಯ ಮಳೆ ಹೊಡೆಯೋವಾಗ 90 ಇದ್ರೂ ಕೆಲವು ಸಲ ಹೋಗತ್ತೆ, ಆದ್ರೆ ಹತ್ತು ನಿಮಿಷಕ್ಕೆ ವಾಪಸ್ ಬರತ್ತೆ. ಫೈಬರ್ ತರ ಆರು ದಿನ ಅಲ್ಲ. ದೊಡ್ಡ ಡಿಶ್ಶಿಗೆ ಗಾಳಿ ಹಿಡಿಯೋದೂ ಜಾಸ್ತಿ, ಪೈಪಿಗೆ ಮೂರು ಕಡೆ ಕಂಬಿ ಕಟ್ಟಿದೀನಿ, ಆದ್ರೂ ಮಂಗ ಕೂತು ಜೀಕಿದ್ರೆ ನಾವೇನು ಮಾಡಕ್ಕಾಗತ್ತೆ.

ಮಳೆಗಿಂತ ಮೋಸ ಮಾಡೋದು ಕೇಬಲ್ ತುದೀಲಿ ತಿರುಗಿಸಿ ಸಿಗಿಸೋ ಎಫ್ ಕನೆಕ್ಟರ್ ಒಳಗೆ ನಿಧಾನಕ್ಕೆ ಹೋಗೋ ನೀರು. ಎಲ್‌ಎನ್‌ಬಿ ಹತ್ರ ಕೇಬಲ್ಲು ನೇರ ಮೇಲಿಂದ ಬಂದ್ರೆ ನೀರು ಅದರ ಜೊತೆಗೇ ಜಾರಿ ಒಳಗೆ ಹೋಗತ್ತೆ, ಕೆಳಗೊಂದು ಬಳಸು ಬಗ್ಗಿಸಿ ಆಮೇಲೆ ಸಿಗಿಸಿದ್ರೆ ಆ ಬಳಸಿನ ತುದೀಲಿ ತೊಟ್ಟಿಕ್ಕತ್ತೆ. ಮೇಲೆ ರಬ್ಬರ್ ಟೇಪು, ಎಳೆದು ಸುತ್ತಿದ್ರೆ ತಾನೇ ಅಂಟ್ಕೊಳೋದು. ಮಾಮೂಲಿ ಕಪ್ಪು ಇನ್ಸುಲೇಷನ್ ಟೇಪು ನಮ್ಮ ಕಡೆ ಒಂದು ಮಳೆಗಾಲಕ್ಕೆ ಅಂಟು ಬಿಟ್ಟು ಜೋತು ಬೀಳತ್ತೆ. ಇನ್ನೊಂದು, ಹಾಲಲ್ಲಿ ಮೊದಲಿದ್ದ ಸೆಟ್ ಟಾಪ್ ಬಾಕ್ಸೂ ಇರಲಿ, ಟ್ಯೂನರೂ ಇರಲಿ ಅನ್ನೋದಾದ್ರೆ ಹತ್ತು ರೂಪಾಯಿ ಸ್ಪ್ಲಿಟರ್ ಹಾಕ್ಬೇಡಿ, ಒಂದು 13 ವೋಲ್ಟ್ ಕೇಳಿದ್ರೆ ಇನ್ನೊಂದು 18 ಕೇಳತ್ತೆ, ಇಬ್ರು ಅತ್ತಿಗೆ ನಾದಿನಿ ಒಂದೇ ಒಲೇಲಿ ಅಡುಗೆ ಮಾಡಿದಂಗೆ. ಎರಡು ಬಾಯಿ ಇರೋ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೀರಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಬರೆಯಲ್ಲ. ಟ್ಯೂನರ್ ನಡೆಸಿ ರೆಕಾರ್ಡ್ ಮಾಡೋಕೆ ಟಿವಿಹೆಡ್‌ಎಂಡ್ ಅನ್ನೋದು ಹಾಕಿದೀನಿ, ಬ್ರೌಸರಲ್ಲಿ 9981 ಪೋರ್ಟಿಗೆ ಹೋದ್ರೆ ಎಲ್ಲ ಸೆಟ್ಟಿಂಗು ಸಿಗತ್ತೆ, ಎಲ್‌ಎನ್‌ಬಿ ಯುನಿವರ್ಸಲ್ ಅಂತ ಕೊಟ್ಟು ಟ್ರಾನ್ಸ್‌ಪಾಂಡರ್ ಕೈಯಲ್ಲೇ ಸೇರಿಸಿದೆ, ಮೊದಲೇ ಕೊಟ್ಟಿರೋ ಲಿಸ್ಟು ಹಳೇದಿರತ್ತೆ. ಕೋಡಿ ಅದನ್ನ ನೋಡಿ ಚಾನೆಲ್ ತೋರಿಸತ್ತೆ, ಮಹಡಿ ಮೇಲಿನ ಟಿವೀಲೂ ವೈಫೈಲೇ ಬರತ್ತೆ, ಅಲ್ಲಿಗೆ ಬೇರೆ ಕೇಬಲ್ ಬೇಡ. ಒಂದು ಸೆಟ್ಟಿಂಗ್ ಮರೀಬೇಡಿ, ಡಿಇಂಟರ್‌ಲೇಸ್. ಎಸ್‌ಡಿ ಚಾನೆಲ್ಲು 576ಐ, ಅಂದ್ರೆ ಪಿಕ್ಚರು ಒಂದು ಗೆರೆ ಬಿಟ್ಟು ಒಂದು ಗೆರೆ ಬರತ್ತೆ, ಅದನ್ನ ಆನ್ ಮಾಡ್ದೆ ಇದ್ರೆ ಯಾರಾದ್ರೂ ಕೈ ಬೀಸಿದಾಗ ಬಾಚಣಿಗೆ ಹಲ್ಲಿನ ತರ ಕಾಣತ್ತೆ. ನಾನು ಒಂದು ವಾರ ಇದು ಸಿಗ್ನಲ್ ತೊಂದ್ರೆ ಅಂದ್ಕೊಂಡು ಮತ್ತೆ ಮಾಡು ಹತ್ತಿದ್ದೆ.

ನಾಪೋಕ್ಲು ಕಡೆಯ ಕ್ಲಾಸ್‌ಮೇಟ್ ಒಬ್ಬ ಇದನ್ನೆಲ್ಲ ನೋಡಿ ‘ನಂಗೂ ಒಂದು ಮಾಡ್ಕೊಡು ಮಾರಾಯ, ಹಾಕಿ ನಮ್ಮೆ ರೆಕಾರ್ಡ್ ಮಾಡ್ಬೇಕು’ ಅಂದ. ಹಾಕಿ ನಮ್ಮೆ ಅಂದ್ರೆ ಹಾಕಿ ಹಬ್ಬ, ಕೊಡವ ಕುಟುಂಬಗಳು ಆಡೋ ಈ ಪಂದ್ಯಾವಳಿ 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, 2024ರಲ್ಲಿ ಅವ್ನೂರು ನಾಪೋಕ್ಲಲ್ಲೇ 360 ತಂಡ ಆಡಿದ್ವು, ಅವ್ನ ಮನೆತನದ್ದೂ ಇತ್ತು. ಅವ್ನು ನೋಡೋದು ಲೋಕಲ್ ಕೇಬಲ್ ಚಾನೆಲಲ್ಲಿ. ಅವ್ನಿಗೆ ನನ್ನ ಟ್ಯೂನರ್ ಉಪಯೋಗ ಇಲ್ಲ, ಫ್ರೀ ಡಿಶ್ಶಲ್ಲಿ ಆ ಚಾನೆಲ್ ಬರಲ್ಲ, ಕೇಬಲ್ ಸಿಗ್ನಲ್ ಲಾಕು. ಅವ್ನಿಗಿರೋದು ಒಂದೇ ದಾರಿ, ಕೇಬಲ್ ಬಾಕ್ಸಿನ ಹಳದಿ ಕೆಂಪು ಬಿಳಿ ಪಿನ್ನಿಂದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಕೊಡೋದು. ಎಚ್‌ಡಿಎಂಐಯಿಂದ ಯಾಕಾಗಲ್ಲ ಅಂದ, ಅಲ್ಲಿ ಎಚ್‌ಡಿಸಿಪಿ ಅನ್ನೋ ಬೀಗ ಇರತ್ತೆ. ಆ ಕ್ಯಾಪ್ಚರ್ ಕಡ್ಡಿಗಳಲ್ಲೂ ಒಂದು ಆಟ ಇದೆ, ಹೊರಗಡೆ ಒಂದೇ ಹೆಸರು ಒಂದೇ ಡಬ್ಬ, ಒಳಗೆ ನಾಲ್ಕು ತರದ ಚಿಪ್ಪು, ತಗೊಂಡು ಸಿಗಿಸೋ ತನಕ ಯಾವುದು ಅಂತ ಗೊತ್ತಾಗಲ್ಲ. ಎಸ್‌ಟಿಕೆ1160 ಬಂದ್ರೆ ಲಿನಕ್ಸಲ್ಲಿ ಹಂಗೇ ನಡೆಯತ್ತೆ. ಅವ್ನಿಗೆ ಎರಡನೇ ಸಲಕ್ಕೆ ಅದು ಬಂತು. ಚಾನೆಲ್ ಬದಲಾಯಿಸೋದು ಮಾತ್ರ ಅವ್ನೇ ರಿಮೋಟ್ ಹಿಡಿದು ಮಾಡ್ಬೇಕು. ಅದಕ್ಕೇನು, ಏಪ್ರಿಲಿಂದ ಮೇ ತನಕ ಅವ್ನ ಮನೇಲಿ ಆ ಚಾನೆಲ್ ಬಿಟ್ಟು ಬೇರೆ ಯಾರೂ ಹಾಕಲ್ಲ.

ನಮ್ಮನೇಲಿ ಈಗಿನ ಗಲಾಟೆ ಡಿಸ್ಕಿಂದು. ಎಸ್‌ಡಿ ಚಾನೆಲ್ ಗಂಟೆಗೆ ಸುಮಾರು 1 ಜಿಬಿ ತಗೊಳತ್ತೆ, ಕಂಪ್ಯೂಟರಲ್ಲಿ ಇರೋದು 500 ಜಿಬಿ ಡಿಸ್ಕು, ಅದರಲ್ಲಿ ಮಕ್ಕಳ ಸಿನಿಮಾನೂ ಇದೆ. ಅಕ್ಟೋಬರಿಂದ ಇಲ್ಲಿವರೆಗಿನ ಕ್ವಿಜ್ಜು ಒಂದೂ ಅಳಿಸಕ್ಕೆ ಅಮ್ಮ ಬಿಡ್ತಿಲ್ಲ. ನೋಡಿದ್ದಾಯ್ತಲ್ಲಮ್ಮ ಅಂದ್ರೆ ‘ಮೊದಲ್ನೇ ಸಲ ನಂಗೆ ಎಷ್ಟು ಉತ್ತರ ಬಂದಿತ್ತು ಅಂತ ಬರೆದಿಟ್ಟಿದೀನಿ, ಇನ್ನೊಂದ್ಸಲ ನೋಡ್ಬೇಕು’ ಅಂತಾರೆ. ಹಳೇ ಕಾಫಿ ಕುಯ್ಲಿನ ಲೆಕ್ಕದ ಪುಸ್ತಕದ ಹಿಂದ್ಗಡೆ ತಾರೀಖು ಹಾಕಿ ಬರೆದಿದ್ದಾರೆ, ನಾನು ನಿನ್ನೆ ನೋಡ್ದೆ, ಒಂದು ದಿನ ಅಪ್ಪಂದೂ ಮಾರ್ಕ್ಸ್ ಇದೆ, ಎರಡು.